ಗಂಧಕದ ಕಡ್ಡಿ ಮತ್ತು ನಮ್ಮ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಮೂಸಿ ನೋಡುತ್ತಿದ್ದ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಿದ್ದ. ಅಕ್ಕನನ್ನು ನೋಡಲು ಕಮಲಾಪುರಕ್ಕೆ ಬಂದ ದಿನವೂ ಹುಡುಗಿಯ ಮುಖ ಬಿಟ್ಟು ಗೋಡೆಯ ಮೂಲೆ ಮೂಸಿದ್ದನಂತೆ! "ಹುಡುಗಗ ಏನರೆ ಬ್ಯಾನಿ ಅದ ಏನು?" ಎಂದು ಅವ್ವ ಗಾಬರಿಯಾಗಿದ್ದಳು.

ಬ್ಯಾನಿಯಲ್ಲ, ಉದ್ಯೋಗ. ನಿಜಾಮರ ಕಾಲದಿಂದಲೂ ಅವನು ಕಲಬುರ್ಗಿಯ ಒಂದು ಬರ್ಫಿನ ಕಾರ್ಖಾನೆಯಲ್ಲಿದ್ದ. ನೀರನ್ನು ಬರ್ಫ ಮಾಡುವ ಅಮೋನಿಯಾ ಗ್ಯಾಸು ಅಲ್ಲಿಯ ಕೊಳವೆಗಳಲ್ಲಿ ಹರಿಯುತ್ತಿತ್ತು. ಸೋರಿತೋ, ಕಣ್ಣು, ಎದೆ ಎರಡೂ ಉರಿ ಉರಿ! ಸೋರುವ ಜಾಗ ಹುಡುಕಲು ಭಾವ ಗಂಧಕದ ಕಡ್ಡಿ ಹೊತ್ತಿಸಿ ಕೊಳವೆಯುದ್ದಕ್ಕೂ ಹಿಡಿಯುತ್ತಿದ್ದ. ಗ್ಯಾಸು ಸಿಕ್ಕಲ್ಲಿ ದಟ್ಟ ಬಿಳಿ ಹೊಗೆ ಏಳುತ್ತಿತ್ತು.

ಮಳೆಗಾಲದಲ್ಲಿ ಕಡ್ಡಿಗಳು ತೇವ ಹಿಡಿದು ಮುನಿಸಿಕೊಳ್ಳುತ್ತಿದ್ದವು. ಆಗ ಭಾವ ಅಕ್ಕನ ಒಗ್ಗರಣೆ ಸೌಟಿನಲ್ಲೇ ಗಂಧಕ ಕರಗಿಸಿ, ದಾರ ಅದ್ದಿ ಹೊಸ ಕಡ್ಡಿ ಮಾಡುತ್ತಿದ್ದ. ಉಳಿದ ಪುಡಿ ಹಿಂಗಿನ ಡಬ್ಬಿ ಪಕ್ಕದಲ್ಲಿ! ಸಾರಿಗೆ ಬಿದ್ದದ್ದು ಹಿಂಗೋ ಗಂಧಕವೋ, ಉಂಡವರಿಗೂ ತಿಳಿಯುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಪಂಚಮಿಗೆ ತವರಿಗೆ ಬಂದಿದ್ದ ಅಕ್ಕನನ್ನು ಕರೆದೊಯ್ಯಲು ಭಾವ ಬಂದ. ಬಂದವನು ಸುಮ್ಮನಿರಬಾರದೇ? ಕೊಟ್ಟಿಗೆ ಹತ್ತಿರ ಏನೋ ಮೂಸಿ, ಕಡ್ಡಿ ಹೊತ್ತಿಸಿ ಒಳಗೆ ಹಿಡಿದ. ಭುಸ್ಸೆಂದು ಬಿಳಿ ಹೊಗೆ!

"ಸೋರಾಕತ್ತದ! ಓಡ್ರಿ!"

ರಜಾಕಾರರ ಹಾವಳಿ ಕಂಡಿದ್ದ ಊರು. 'ಓಡ್ರಿ' ಎಂದರೆ ಯಾಕೆಂದು ಕೇಳುವ ರೂಢಿಯೇ ತಪ್ಪಿಹೋಗಿತ್ತು. ಓಣಿಯವರೆಲ್ಲ ಮಕ್ಕಳನ್ನೆತ್ತಿಕೊಂಡು ಬಾಳೆತೋಟಕ್ಕೆ ನುಗ್ಗಿದರು. ಅಜ್ಜಿ ದೇವರ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡಳು. ಅಪ್ಪ ಬಡಿಗೆ ಹಿಡಿದು ಬಂದ.

"ಯಾರು ಬಂದಾರ?"

"ಯಾರೂ ಬಂದಿಲ್ರಿ ಮಾವ, ಸೋರಾಕತ್ತದ!"

"ಏನ್ ಸೋರಾಕತ್ತದ? ಎಮ್ಮಿ ಏನು?"

ಭಾವ ಎಮ್ಮೆಯನ್ನು ನೋಡಿದ, ಕಡ್ಡಿಯನ್ನು ನೋಡಿದ. ಗಂಜಲದಲ್ಲೂ ಅದೇ ಗ್ಯಾಸು ಇರುತ್ತದೆಂದು ಆಮೇಲೆ ಹೊಳೆಯಿತು. "ಕಡ್ಡಿ ಸುಳ್ಳು ಹೇಳಂಗಿಲ್ರಿ," ಎಂದು ಗೊಣಗಿದ.

"ಎಮ್ಮಿನೂ ಹೇಳಂಗಿಲ್ಲ. ಮೊದಲ ಅದನ್ನ ಆರಸು!"

ತೋಟದಲ್ಲಿ ಅಡಗಿದ್ದವರನ್ನು ಕರೆತರುವುದೇ ಕಷ್ಟವಾಯಿತು. ಎಮ್ಮೆಯ ಗಂಜಲಕ್ಕೆ ಹೆದರಿ ಓಡಿದೆವು ಎಂದು ಯಾರು ಒಪ್ಪುತ್ತಾರೆ?

ಮುಂದಿನ ಬೇಸಿಗೆಯಲ್ಲಿ ನಾನು ಕಲಬುರ್ಗಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಮಧ್ಯಾಹ್ನ ಅವಳು ಬುತ್ತಿಯನ್ನು ಕಾರ್ಖಾನೆಯ ಒಳಗೇ ಒಯ್ದು ಕೊಡುತ್ತಿದ್ದಳು. ಅಂದು ಇಬ್ಬರೂ ಹೊರಟವರು ದಾರಿಯ ಜಗತ್ ಪೇಟೆಯಲ್ಲಿ ಬಳೆ ನೋಡುತ್ತ ಹೊತ್ತು ಮರೆತೆವು.

ಕಾರ್ಖಾನೆ ಮುಟ್ಟಿದಾಗ ಗೇಟಿನ ಮುಂದೆ ಗದ್ದಲ. ಎಲ್ಲರೂ ಕೆಮ್ಮುತ್ತಿದ್ದರು. ಕೊಳವೆ ಒಡೆದಿತ್ತು.

"ನಮ್ಮ ಮನಿಯವರು ಎಲ್ಲಿ?" ಎಂದಳು ಅಕ್ಕ.

"ಹೊರಗ ಬಂದಿದ್ದರವ್ವ," ಎಂದ ಕೆಲಸಗಾರನೊಬ್ಬ. "ಬುತ್ತಿ ತರೋ ಹೊತ್ತಾತು, ನನ್ನ ಹೆಂಡ್ತಿ ಒಳಗ ಅದಾಳ ಅಂತ ತಿರುಗಿ ಓಡ್ಯಾರ!"

ಅಷ್ಟರಲ್ಲಿ ಇಬ್ಬರು ಭಾವನನ್ನು ಹಿಡಿದು ತಂದರು. ಕಣ್ಣು ಬಾತು ಮುಚ್ಚಿದ್ದವು. ಆದರೂ ಒಳಗೆ ಹೋಗಲು ಎಳೆದಾಡುತ್ತಿದ್ದ.

"ನಾ ಇಲ್ಲೇ ಅದೀನ್ರಿ. ಒಳಗ ಹೋಗೇ ಇಲ್ಲ," ಎಂದಳು ಅಕ್ಕ.

ಭಾವ ಕೈಚಾಚಿ ಅಕ್ಕನ ಮುಖ ಸವರಿದ, ಹೆಗಲು ಮುಟ್ಟಿದ. ನಾಲ್ಕು ಜನರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕೂಗಲೂ ನಾಚುತ್ತಿದ್ದ ಕಾಲವದು!

"ತಡಾ ಮಾಡ್ದಿ," ಎಂದ. ಕೆಮ್ಮು ನಿಂತ ಮೇಲೆ ಮೆಲ್ಲಗೆ, "ಛಲೋ ಮಾಡ್ದಿ."

ಕೆಲವೇ ದಿನಗಳಲ್ಲಿ ದೃಷ್ಟಿ ಮರಳಿತು. ಆದರೆ ಅಂದು ನಲ್ಲಿಯ ಕೆಳಗೆ ಅವನ ಕಣ್ಣು ತೊಳೆಯುತ್ತಿದ್ದಾಗ ಇಬ್ಬರ ಮುಖದ ಮೇಲೂ ನೀರಿತ್ತು. ಎಷ್ಟು ನಲ್ಲಿಯದು, ಎಷ್ಟು ಗ್ಯಾಸಿನ ಉರಿಯದು, ಎಷ್ಟು ಅವರದು, ನನಗೆ ಇಂದಿಗೂ ತಿಳಿದಿಲ್ಲ.