ಹೊಟ್ಟಿಗೆ ಸೆರಗು ಹಚ್ಚಿದ ವಿಮಾನ

ನಾ ಏನರ ಹೊಸಾದು ಮಾಡಾಕ ಹೋದೆ ಅಂದ್ರ ಆತು, ಒಂದಿಲ್ಲೊಂದು ಫಜೀತಿ ನನ್ನ ಬೆನ್ನು ಹತ್ತೇ ಹತ್ತತೈತಿ. ಬೆಟಗೇರಿಯೊಳಗ ನಂದು ರೇಡಿಯಂ ಸ್ಟಿಕರ್ ಅಂಗಡಿ. ಬೈಕು, ಟ್ರ್ಯಾಕ್ಟರ್ ಶಿಂಗಾರ ಮಾಡ್ಕೋತ ಆರಾಮ ಇದ್ದೆ. ಒಂದಿನ ಶಿರಹಟ್ಟಿಯ ಹೈಸ್ಕೂಲ್ ಮಾಸ್ತರೊಬ್ರು, ತೆಳ್ಳನ ಕಟ್ಟಿಗಿಲೆ ತಾವ ಕಟ್ಟಿದ ರಿಮೋಟ್ ವಿಮಾನ ಹಿಡ್ಕೊಂಡು ಬಂದ್ರು. "ಉಸ್ತಾದ, ಇದಕ್ಕ ಬಣ್ಣದ ಪ್ಲಾಸ್ಟಿಕ್ ಹಾಳಿ ಹೊದಿಸಿ, ಛಂದನ ಡಿಸೈನ್ ಮಾಡಿಕೊಡ್ರಿ" ಅಂದ್ರು. ನಾನೂ ಹೂಂ ಅಂದುಬಿಟ್ಟೆ.

ಇಸ್ತ್ರಿ

ಆ ಹಾಳಿಗೆ ಗೋಂದು ಬ್ಯಾಡ, ಇಸ್ತ್ರಿ ಬೇಕು. ಬಿಸಿ ತಾಗಿದ್ರ ಅಂಟತೈತಿ, ಇನ್ನೊಂಚೂರು ತಾಗಿದ್ರ ಬಿಗೀತೈತಿ, ಹೆಚ್ಚಾದ್ರ ತೂತು. ಮನಿ ಇಸ್ತ್ರಿ ಪೆಟ್ಟಿಗಿ ಅಂಗಡಿಗೆ ತಂದು ಕೆಲಸ ಮುಗಿಸಿ, ಯಾರಿಗೂ ಹೇಳದ ವಾಪಸ್ ಇಟ್ಟೆ. ಶುಕ್ರವಾರ ನಮ್ಮಾಕಿ, ಕರೆಂಟ್ ಹೋಗೂದ್ರಾಗ ಅಂತ ಗಡಿಬಿಡಿಲೆ ಅದರಿಂದನ ನನ್ನ ಬಿಳಿ ಅಂಗಿ ತಿಕ್ಕಿ ಕೊಟ್ಲು. ನಮಾಜ್ ಮುಗಿಸಿ ಹೊರಗ ಬಂದಾಗ, ಹಿಂದಿನ ಸಾಲಿನ್ಯಾಗಿದ್ದ ಹಿರ್ಯಾರೊಬ್ರು ಮೆಲ್ಲಕ, "ಬೇಟಾ, ಅಂಗಡಿ ಜಾಹೀರಾತು ಬೆನ್ನಿಗೂ ಹಾಕ್ಕೊಂಡಿಯೇನು?" ಅಂದ್ರು. ನೋಡ್ತೀನಿ, ಇಸ್ತ್ರಿ ತಳಕ್ಕ ಹತ್ತಿದ್ದ ಹಾಳಿ ಬಣ್ಣ ಇಳದು ಬೆನ್ನ ತುಂಬ ಕೆಂಪು ಪಟ್ಟಿ!

ಈಗ ನಮ್ಮನ್ಯಾಗ ಎರಡು ಇಸ್ತ್ರಿ. ವಿಮಾನಕ್ಕೊಂದು, ಮನಷ್ಯಾರಿಗೊಂದು.

ಫರಕ್

ಟ್ರ್ಯಾಕ್ಟರಿನ ಎಡಕ್ಕ ಹಚ್ಚಿದ್ದಕ್ಕೂ ಬಲಕ್ಕ ಹಚ್ಚಿದ್ದಕ್ಕೂ ಕೂದಲೆಳಿ ಅಷ್ಟೂ ಫರಕ್ ಇರಬಾರದು. ಅದು ನಮ್ಮ ಧಂದೇದ ಮರ್ಯಾದಿ. ವಿಮಾನಕ್ಕೂ ಹಂಗ ಮಾಡಿದೆ. ಬೆನ್ನಿಗೂ ಅದ ಪಟ್ಟಿ, ಹೊಟ್ಟಿಗೂ ಅದ ಪಟ್ಟಿ.

ಸೊರಟೂರ ಹತ್ರ ಸುಗ್ಗಿ ಮುಗದ ಹೊಲದಾಗ ಮಾಸ್ತರು ಹಾರಿಸಿದ್ರು. ಮ್ಯಾಲ ಹೋಗಿ ವಿಮಾನ ಒಂದು ಪಲ್ಟಿ ಹೊಡೀತು. ಕಾಣೂದು ಬೆನ್ನೋ ಹೊಟ್ಟಿಯೋ ಮಾಸ್ತರಿಗೆ ತಿಳೀಲಿಲ್ಲ. ಏರಸಾಕ ಹೋದ್ರು, ತಲಿಕೆಳಗಾಗಿದ್ದ ಅದು ಸೀದಾ ಬಂದು ನೆಲಕ್ಕ ಬಡೀತು.

"ಎರಡೂ ಕಡೆ ಒಂದ ನಮೂನಿ ಮಾಡೀರಲ್ರಿ ಉಸ್ತಾದ!"

"ಹೂಂ ಮತ್ತ! ಒಂಚೂರರ ಫರಕ್ ಹುಡುಕಿ ತೋರಸ್ರಿ ನೋಡೂನು" ಅಂದೆ ನಾ, ಎದಿ ಉಬ್ಬಿಸಿ.

ಸೆರಗು

ಆ ತುಂಡು ನೋಡಿ ಮಾಸ್ತರ ಹೆಂಡ್ತಿ ಕಡ್ಡಿ ಮುರದಂಗ ಹೇಳಿದ್ರಂತ: "ಇನ್ನೊಂದು ಮುರಕೊಂಡು ಬಂದ್ರಿ ಅಂದ್ರ ಈ ಹುಚ್ಚಾಟ ಕಾಯಂ ಬಂದ್!" ಪಾಪ, ಮಾಸ್ತರ ಮಾರಿ ಬಾಡಿ ಹೋಗಿತ್ತು. ನನಗೂ ಭಾಳ ಕೆಟ್ಟನಿಸ್ತು.

ಹೊಸಾ ವಿಮಾನ ಕಟ್ಟಿದ್ರು. ಈ ಸಲ ಹೊಟ್ಟಿ ಎಷ್ಟ ದೂರದಿಂದ್ಲೂ ಗುರ್ತು ಸಿಗಬೇಕಿತ್ತು. ಅಳತಿ ತಗೊಳ್ಳಾಕ ಅವರ ಮನಿಗೆ ಹೋದಾಗ, ಮಾಸ್ತರ ಹೆಂಡ್ತಿ, ಅಂದ್ರ ಅಕ್ಕಾರು, ಉಟ್ಟ ಸೀರಿ ಕಣ್ಣಿಗೆ ಬಿತ್ತು. ಕೆಂಪು ಸೆರಗು, ಅದರ ಮ್ಯಾಲ ದಪ್ಪ ಬಿಳಿ ಪಟ್ಟಿ. ಅದ ಡಿಸೈನ್ ಹಂಗ ಹೊಟ್ಟಿಗೆ ಇಳಿಸಿದೆ, ಬೆನ್ನಿಗೆ ಬರೇ ಹಳದಿ. ಅಕ್ಕಾರಿಗೆ ಖುಷಿ ಅಂದ್ರ ಖುಷಿ, ತಾವೂ ಹೊಲಕ್ಕ ಬಂದ್ರು.

ವಿಮಾನ ಏನ್ ಹಾರತ್ರಿ! ಹೊಟ್ಟಿ ಯಾವುದು ಬೆನ್ನು ಯಾವುದು ಅಂತ ಒಂದ ನಜರಿಗೆ ತಿಳೀತಿತ್ತು. ಆದ್ರ ಅದಕ್ಕ ಗಾಲಿ ಇರಲಿಲ್ಲ, ಹೊಟ್ಟಿ ಮ್ಯಾಲ ಜಾರಿ ಇಳೀಬೇಕು. ಇಳಸೂ ಹೊತ್ತಿನ್ಯಾಗ ಇದು ಅಕ್ಕಾರಿಗೆ ತಿಳೀತು.

"ಏನ್ರೀ! ಮಂದಿ ಮುಂದ ನನ್ನ ಸೆರಗು ಮಣ್ಣಾಗ ಎಳದಾಡ್ತೀರೇನು? ಒಂಚೂರು ಮಣ್ಣು ಹತ್ತಲಿ, ಆಮ್ಯಾಲ ಐತಿ ನಿಮಗ!"

ಮಾಸ್ತರು ಹೆದರಿ ಮತ್ತ ಏರಿಸಿದ್ರು. ಸುತ್ತಿಸಿದ್ರು, ಸುತ್ತಿಸಿದ್ರು, ಬ್ಯಾಟರಿ ಮುಗೀಲಿಕ್ಕೆ ಬಂತು. "ಉಸ್ತಾದ, ಮುರದ್ರೂ ಸತ್ತೆ, ಮಣ್ಣಾದ್ರೂ ಸತ್ತೆ!" ಅಂದವರ, ನೆಲಕ್ಕ ಹತ್ರ ಬಂದಾಗ ವಿಮಾನ ಗಪ್ಪನ ಹೊಳ್ಳಿಸಿ ಬೆನ್ನ ಮ್ಯಾಲ ಇಳಿಸಿಬಿಟ್ರು. ಲಟಕ್! ಬಾಲ ಎರಡು ತುಂಡು.

ಮಾಸ್ತರು ಕಣ್ಣು ಮುಚ್ಕೊಂಡು ನಿಂತ್ರು. ಇನ್ನ ಮುಗೀತು ಅಂತ ನಾನೂ ಅಂದ್ಕೊಂಡೆ. ಅಕ್ಕಾರು ಹೋಗಿ ವಿಮಾನ ಎತ್ತಿದ್ರು, ಹೊಟ್ಟಿ ಮ್ಯಾಲ ಕೈ ಆಡಿಸಿದ್ರು. ಒಂದು ಕಣ ಮಣ್ಣಿಲ್ಲ. ಸೀದಾ ತಂದು ನನ್ನ ಕೈಯಾಗ ಇಟ್ರು.

"ಇದನ್ನ ಅಂಟಿಸಿಕೊಡ್ರಿ ಭಾಯಿ, ಇದು ಮುರದ ಲೆಕ್ಕಕ್ಕ ಬರೂದಿಲ್ಲ. ಮದವಿ ಆದಾಗಿಂದ ಇವರು ನನ್ನ ಮಾತು ಕೇಳಿದ್ದು ಇದ ಮೊದಲ ಸಲ!"