ಐವತ್ತನೆಯ ದೇಶ

ನಲವತ್ತೊಂಬತ್ತು ಎಂಬ ಸಂಖ್ಯೆ ಯಾರಿಗೂ ಕೆಟ್ಟದ್ದು ಮಾಡಿದ್ದಿಲ್ಲ. ಆದರೆ ಡಿಜಿಟಲ್ ಸರ್ಕಾರದ ಬಗೆಗಿನ ಆ ಸಂಶೋಧನಾ ಪತ್ರಿಕೆಯ ಕಚೇರಿಯಲ್ಲಿ ಅದು ಬೆಳಗಿನಿಂದ ಎಲ್ಲರ ಪ್ರಾಣ ಹಿಂಡುತ್ತಿತ್ತು. ಪತ್ರಿಕೆಗೆ ನಲವತ್ತೊಂಬತ್ತು ದೇಶಗಳಲ್ಲಿ ಓದುಗರಿದ್ದರು. ನಾಲ್ಕು ಗಂಟೆಗೆ ಆಡಳಿತ ಮಂಡಳಿಯ ಸಭೆ; ಅಲ್ಲಿ ಐವತ್ತು ತೋರಿಸಬೇಕಿತ್ತು.

"ಅಷ್ಟರೊಳಗೆ ಐವತ್ತು ಮಾಡಿ, ನಿಮ್ಮ ಕೆಲಸ ಖಾಯಂ ಮಾಡಿಸ್ತೀನಿ," ಎಂದರು ಸಂಪಾದಕರು. ಹೇಳಿದ್ದು ಕರಡು ತಿದ್ದುವವನಿಗೆ. ಕಚೇರಿಯಲ್ಲಿ ಅವನಿಗೆ ಅಲ್ಪವಿರಾಮ ಎಂದೇ ಹೆಸರು. ಒಂಬತ್ತು ವರ್ಷದಿಂದ ಹಂಗಾಮಿ. ಖಾಯಂ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕರಡು ಬಿಟ್ಟು ಎದ್ದು ನಿಲ್ಲುತ್ತಿದ್ದ.

ಅವನಿಗೆ ನೆನಪಾದದ್ದು ಭಾಮೈದ. ಪಟ್ಟಿಯಲ್ಲಿಲ್ಲದ ಒಂದು ದೂರದ ದೇಶದ ಹೋಟೆಲಿನಲ್ಲಿ ಅವನು ತಟ್ಟೆ ತೊಳೆಯುತ್ತಿದ್ದ. ಅಲ್ಪವಿರಾಮ ಫೋನು ಹಚ್ಚಿ, ಪತ್ರಿಕೆಯ ಜಾಲತಾಣದಲ್ಲಿ ಓದುಗನಾಗಿ ಸೇರಿಕೋ ಎಂದ. ಟೈಪಿಸ್ಟಮ್ಮನೂ ಲೆಕ್ಕದ ಗುಮಾಸ್ತರೂ ಕುರ್ಚಿ ಎಳೆದುಕೊಂಡು ಬಂದು ಕೂತರು.

"ಭಾವ, ಉದ್ಯೋಗ ಏನು ಅಂತ ಕೇಳ್ತಿದೆ. ತಟ್ಟೆ ತೊಳೆಯೋದು ಅಂತ ಹಾಕ್ಲಾ?"

"ಬೇಡಪ್ಪಾ, ತಜ್ಞ ಅಂತ ಹಾಕು."

"ಬರೀ ತಜ್ಞ ಅಂದ್ರೆ ಯಾರು ಮೂಸಿ ನೋಡ್ತಾರೆ? ಹಿರಿಯ ತಜ್ಞ ಅನ್ನಿ," ಎಂದರು ಟೈಪಿಸ್ಟಮ್ಮ.

"ಇಪ್ಪತ್ತು ವರ್ಷದ ಅನುಭವ," ಎಂದು ಗುಮಾಸ್ತರು ಸೇರಿಸಿದರು.

"ನಂಗೆ ವಯಸ್ಸೇ ಇಪ್ಪತ್ತನಾಲ್ಕು ಭಾವ."

"ಚಿಕ್ಕಂದಿನಿಂದ್ಲೇ ಚುರುಕು ಅಂತ ತಿಳ್ಕೋತಾರೆ, ಹಾಕು."

ಪತ್ರಿಕೆಯ ಬಗ್ಗೆ ಅಭಿಪ್ರಾಯದ ಜಾಗದಲ್ಲಿ ಭಾಮೈದ 'ಒಂದಕ್ಷರವೂ ಅರ್ಥವಾಗಲಿಲ್ಲ' ಎಂದು ಬರೆಯಹೊರಟಿದ್ದ. ಮೂವರೂ ಸೇರಿ ಅದನ್ನು 'ವಾದ ಇನ್ನಷ್ಟು ಸ್ಪಷ್ಟವಾಗಬೇಕಿತ್ತು' ಎಂದು ಮಾಡಿಸಿದರು. ಇನ್ನೆರಡು ನಿಮಿಷಕ್ಕೆ ನಾಲ್ಕು ಎನ್ನುವಾಗ ಪರದೆಯ ಮೇಲೆ ಐವತ್ತು ಮೂಡಿತು. ಅಲ್ಪವಿರಾಮ ಹೆಂಡತಿಗೆ ಫೋನು ಮಾಡಿ, "ನಿನ್ನ ತಮ್ಮ ದೇವರಂಥವನು ಕಣೇ," ಎಂದ. ಮದುವೆಯಾದ ಮೇಲೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಐದಕ್ಕೆ ಸಂಪಾದಕರು ನಗುತ್ತ ಹೊರಬಂದರು. "ಮಂಡಳಿಗೆ ಬಹಳ ಸಂತೋಷ. ನಿಮ್ಮ ಹುದ್ದೆ ಖಾಯಂ ಆಯ್ತು."

ಅಲ್ಪವಿರಾಮ ಹೆಂಡತಿಗೆ ತಿಳಿಸಲು ಮತ್ತೆ ಫೋನು ಕೈಗೆತ್ತಿಕೊಂಡ.

"ಆದ್ರೆ ಐವತ್ತು ದೇಶದ ಪತ್ರಿಕೆ ಅಂದ್ಮೇಲೆ ಆ ಹುದ್ದೇಲಿ ಹೊರದೇಶದ ಅನುಭವ ಇರೋರೇ ಬೇಕು ಅಂದ್ರು ಅಧ್ಯಕ್ಷರು. ಇವತ್ತು ಸೇರಿದ ಹಿರಿಯ ತಜ್ಞರನ್ನೇ ತಗೊಂಡ್ವಿ. ಕೇಳಿದ ತಕ್ಷಣ ಒಪ್ಕೊಂಡ್ರು, ದೊಡ್ಡ ಮನುಷ್ಯರು."

ಆ ತಜ್ಞ ನನ್ನ ಭಾಮೈದ ಎನ್ನಲು ಅವನು ಬಾಯಿ ತೆರೆದ. ಹಾಗೆ ಹೇಳಿದರೆ ಇದ್ದ ಹಂಗಾಮಿ ಕೆಲಸವೂ ಹೋಗುತ್ತದೆಂದು ಹೊಳೆದು, "ಹಾಗಾದ್ರೆ ನಾನು, ಸಾರ್?" ಎಂದಷ್ಟೇ ಕೇಳಿದ.

"ನಿಮ್ಮನ್ನ ಕೈಬಿಡ್ತೀವಾ? ಅವರು ಇಲ್ಲಿಗೆ ಬಂದ್ಬಿಟ್ರೆ ಆ ದೇಶದಲ್ಲಿ ಓದುಗರೇ ಇರಲ್ಲ. ಅದಕ್ಕೇ ನಿಮ್ಮನ್ನ ಅಲ್ಲಿಗೆ ಕಳಿಸ್ತಿದ್ದೀವಿ."

"ಸಂಬಳ?"

"ಓದುಗರಿಗೆ ಯಾರ್ರೀ ಸಂಬಳ ಕೊಡ್ತಾರೆ?"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಭಾವ, ಏನೂ ಯೋಚ್ನೆ ಮಾಡ್ಬೇಡಿ," ಎಂದ ಭಾಮೈದ. "ಇಲ್ಲಿ ನನ್ನ ಜಾಗಕ್ಕೆ ನಿಮ್ಮ ಹೆಸರು ಹೇಳಿದ್ದೀನಿ. ರಬ್ಬರ್ ಗವಸು ಮಾತ್ರ ನೀವೇ ತರ್ಬೇಕಂತೆ."