ಬೆಲ್ಲ-ನೀರಿನ ಜಗಳಗಂಟಿ

ನಮ್ಮ ಸೋದರತ್ತೆಯನ್ನು ಜಗಳದಲ್ಲಿ ಗೆದ್ದವರು ಅತನೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಬುದ್ಧಿ ಬಂದ ಕೂಡಲೇ ಊರು ಬಿಟ್ಟಿರಬೇಕು! ಹಾಗಂತ ಅವಳನ್ನು ಕೆಟ್ಟವಳೆಂದು ತಿಳಿಯಬೇಡಿ. ಜಗಳ ಮುಗಿದದ್ದೇ ತಡ, ಎದುರಾಳಿಗೆ ಬೆಲ್ಲ-ನೀರು ಕೊಡುತ್ತಾಳೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲದ ಚೂರು, ತಂಬಿಗೆ ನೀರು ಕೊಡುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಬೈಸಿಕೊಂಡವರಿಗೂ ಕೊಡುವುದು ಇವಳೊಬ್ಬಳದೇ ಪದ್ಧತಿ.

ಒಮ್ಮೆ ಚೌಡಾಪುರದಲ್ಲಿ ಬಸ್ಸು ಅತನೂರಿಗೆ ಹೋಗಲು ನಾವು ಇಳಿಯುವ ಜಾಗ ದಾಟಿ ಮುಂದೆ ಹೋಗಿ ನಿಂತಿತು. ಅತ್ತೆ ಕಂಡಕ್ಟರನ ಏಳು ಜನ್ಮ ಜಾಲಾಡಿದಳು. ಪಾಪ, ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇವಳ ಚೀಲದಿಂದ ಬೆಲ್ಲ ಹೊರಬಂತು.

"ತಗೋ ತಮ್ಮಾ. ಬೈಸ್ಕೊಂಡು ದಣದೀ."

ಬೇಡವೆನ್ನಲು ಅವನಿಗೆ ಧೈರ್ಯ ಎಲ್ಲಿತ್ತು?

ಇಂಥವಳಿಗೆ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಎಂದರು. ಆಳಂದದ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಕಲಬುರಗಿಗೆ ಓಡಾಡತೊಡಗಿದೆ. ಕಾಮಾಲೆಯ ವೈರಸ್ಸು ವರ್ಷಗಟ್ಟಲೆ ಒಳಗೇ ಠಿಕಾಣಿ ಹೂಡಿತ್ತಂತೆ, ಗಡ್ಡೆ ಬಂದದ್ದು ಅದರಿಂದಲೇ. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು.

"ಮೈಯಾಗ ಕಾವಲು ಕಾಯೋ ಕಣ ಇರ್ತಾವ್ರಿ ಅಮ್ಮಾ. ವೈರಸ್ ಜೋಡಿ ಬಡಿದಾಡಿ ಬಡಿದಾಡಿ ದಣದಾವ. ಅತೀ ಆದ್ರ ಮೈಗೇ ಅಪಾಯ ಅಂತ ತಾವೇ ಬ್ರೇಕ್ ಹಾಕ್ಕೊಂಡು ಕುಂತಾವ. ಈ ಔಷಧ ಆ ಬ್ರೇಕ್ ಬಿಡಸ್ತದ. ಎಲ್ಲಾರಿಗೂ ಗುಣ ಆಗ್ತದಂತ ಹೇಳಾಕಾಗಂಗಿಲ್ಲ."

ನನ್ನ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತು. ಅತ್ತೆಯ ಕಿವಿಯಲ್ಲಿ ಉಳಿದದ್ದು 'ದಣದಾವ' ಒಂದೇ! ಅಂದಿನಿಂದ ದಿನಾ ಮಧ್ಯಾಹ್ನ ಕಾವಲುಗಾರರ ಹೆಸರಿನಲ್ಲಿ ಬೆಲ್ಲ ತಿಂದು ನೀರು ಕುಡಿಯತೊಡಗಿದಳು. "ಬರ್ರೆಪಾ, ಒಂದೀಟು ಕುಂಡ್ರಿ" ಎಂದು ಹೊಟ್ಟೆ ಸವರಿ ಉಪಚಾರ ಬೇರೆ! ನಾನು ತಡೆಯಲಾರದೆ ಡಾಕ್ಟರಿಗೆ ದೂರು ಕೊಟ್ಟೆ. ಸಕ್ಕರೆ ಕಾಯಿಲೆ ಇಲ್ಲವಲ್ಲ, ಚೂರು ತಿನ್ನಲಿ ಎಂದು ನಕ್ಕರು.

"ಆದ್ರ ಬೆಲ್ಲಕ್ಕ ಅವು ಏಳಂಗಿಲ್ರೀ ಅಮ್ಮಾ."

"ಎಬ್ಬಸಾಕ ನಿಮ್ಮ ಔಷಧ ಅದಲ್ರಿ! ಎದ್ದ ಮ್ಯಾಲ ಬಾಯಾರಂಗಿಲ್ಲೇನ್ರಿ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ನರದೊಳಗೆ ಔಷಧ ಏರಿಸಿದ ಕೆಲವು ದಿನಕ್ಕೆ ಮೈತುಂಬ ತುರಿಕೆ ಎದ್ದಿತು. ಎಚ್ಚೆತ್ತ ಕಾವಲುಗಾರರು ಒಮ್ಮೊಮ್ಮೆ ಮನೆಯವರ ಮೇಲೂ ಕೈ ಮಾಡುತ್ತಾರಂತೆ. ಅದಕ್ಕೂ ಮದ್ದು ಕೊಟ್ಟರು. ಅತ್ತೆಗೆ ಮಾತ್ರ ಹೆಮ್ಮೆ. "ನೋಡಿದೇನ್ ಬೇ! ಥೇಟ್ ನನ್ನಂಗೇ!"

ಹೀಗೆ ನಗುನಗುತ್ತಲೇ ದಿನ ಕಳೆದವು ಎಂದುಕೊಂಡಿರಾ? ಒಂದು ಸಲ ಆಸ್ಪತ್ರೆಯಿಂದ ಬರುವಾಗ ಬಸ್ಸು ಮತ್ತೆ ಚೌಡಾಪುರದ ನಿಲ್ದಾಣ ದಾಟಿ ನಿಂತಿತು. ಕಂಡಕ್ಟರ್ ಅದೇ ಮನುಷ್ಯ. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ. ಅತ್ತೆ ಒಂದು ಮಾತೂ ಆಡದೆ ಇಳಿದಳು. ಗಡ್ಡೆ ಎಂದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಬೇವಿನ ನೆರಳಲ್ಲಿ ಕೂತು ಮೆಲ್ಲಗೆ ಹೇಳಿದಳು.

"ದಣದೀನಿ ಬೇ. ಇನ್ನ ಸಾಕು. ಮುಂದಿನ ಸಲ ಔಷಧಕ್ಕ ಬರಂಗಿಲ್ಲ."

ನಾನು ಅವಳ ಚೀಲದಿಂದಲೇ ಬೆಲ್ಲ ತೆಗೆದು, ನೀರಿನ ಬಾಟಲಿ ಜೊತೆ ಅವಳ ಕೈಗಿಟ್ಟೆ. ಅತ್ತೆ ಅದನ್ನೇ ನೋಡುತ್ತ ಕೂತಳು.

"ನನಗ ಹಿಂಗ ಯಾರೂ ಕೊಟ್ಟಿದ್ದೇ ಇಲ್ಲ ನೋಡು."

ನಿಜ. ಊರಿಗೆಲ್ಲ ಬೆಲ್ಲ ಹಂಚಿದವಳೂ ದಣಿಯುತ್ತಾಳೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಅವಳು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಚಪ್ಪರಿಸಿದಳು, ನೀರು ಕುಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ಕಣ್ಣು ಕೆಕ್ಕರಿಸಿದಳು.

"ಇಷ್ಟೀಟಽ ಕೊಟ್ಟೀಯಲ್ಲ, ಜುಗ್ಗಿ! ಇದನ್ನ ತಿಂದು ಮುಂದಿನ ಸಲ ಬಸ್ ಹತ್ತಾಕ ಆಗ್ತದೇನ ಬೇ?"

ಬೈಸಿಕೊಂಡು ಅಷ್ಟು ಸಂತೋಷವಾದದ್ದು ನನಗೆ ಅದೇ ಮೊದಲು. ಅಳುತ್ತಲೇ ಇನ್ನೊಂದು ಚೂರು ಬೆಲ್ಲ ಕೊಟ್ಟೆ.